ಗುಡ್ಡದಣ್ಣನ ಬ್ರೇಕು

ಅಂಚೆ ಕಚೇರಿಯ ಪಕ್ಕದ ಕ್ಷೌರದಂಗಡಿಯಲ್ಲಿ ಒಂದೇ ಕುರ್ಚಿ ಇತ್ತು. ಗೋಡೆಗೆ ಒಂದು ದೊಡ್ಡ ಕನ್ನಡಿ, ಎದುರು ಗೋಡೆಗೆ ಇನ್ನೊಂದು, ಕಾಯುವವರಿಗೆ ಉದ್ದನೆಯ ಬೆಂಚು. ಕಿಟಕಿಯ ಹೊರಗಿನ ತಂತಿಯ ಮೇಲೆ ಒಗೆದ ಟವೆಲ್ಲುಗಳು ಒಣಗುತ್ತಿದ್ದವು. ಬೆಂಚಿನ ಮೇಲುಗಡೆ, ಗೋಡೆಗೆ ಬಡಿದ ಎರಡು ಕೊಕ್ಕೆಗಳಿಂದ ಒಂದು ಸೈಕಲ್ ತೂಗುತ್ತಿತ್ತು. ಬಾಗಿದ ಹ್ಯಾಂಡಲ್, ಹೆಬ್ಬೆರಳು ದಪ್ಪದ ಟೈರು, ಹಿಂದಿನ ಚಕ್ರಕ್ಕೆ ಹಲ್ಲುಗಾಲಿಗಳ ಗೊಂಚಲು. ಕಾಯುತ್ತ ಕುಳಿತವರು ಆಗಾಗ ತಲೆಯೆತ್ತಿ ಅದನ್ನು ನೋಡುತ್ತಿದ್ದರು, ಎಲ್ಲಿ ಮೇಲೆ ಬಿದ್ದೀತೋ ಎಂದು. ಮೂವತ್ತು ವರ್ಷಗಳಲ್ಲಿ ಅದು ಯಾರ ಮೇಲೂ ಬೀಳಲಿಲ್ಲ.

ಅಂಗಡಿಯ ಯಜಮಾನರನ್ನು ಎಲ್ಲರೂ ಗುಡ್ಡದಣ್ಣ ಎಂದೇ ಕರೆಯುತ್ತಿದ್ದರು. ಮಂಗಳವಾರ ಅಂಗಡಿಗೆ ರಜೆ. ಆ ದಿನ ಬೆಳಗ್ಗೆ ಆರಕ್ಕೆಲ್ಲ ಅವರು ಸೈಕಲ್ ಇಳಿಸಿಕೊಂಡು, ಎಂಟು ಕಿಲೋಮೀಟರು ದೂರದ ಗುಡ್ಡಕ್ಕೆ ಹೊರಡುತ್ತಿದ್ದರು. ಗುಡ್ಡದ ನೆತ್ತಿಯಲ್ಲಿ ನೀರಿನ ಟ್ಯಾಂಕು ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ. ರಸ್ತೆ ಮಾತ್ರ ಹೊಲಗಳ ನಡುವಿನಿಂದ ಎದ್ದು, ಐದು ಕಿಲೋಮೀಟರು ಉದ್ದಕ್ಕೂ ಏಳು ತಿರುವುಗಳಲ್ಲಿ ಹೊರಳಿ ಹೊರಳಿ ಏರುತ್ತಿತ್ತು. ಲಾರಿಗಳು ಮೊದಲ ಗೇರಿನಲ್ಲಿ ನರಳುತ್ತ ಹೋಗುವ ಏರು ಅದು.

ಆ ತಿರುವುಗಳಿಗೆ ಗುಡ್ಡದಣ್ಣ ಹೆಸರಿಟ್ಟಿದ್ದರು. ನಾಯಿ ಅಟ್ಟಿಸಿಕೊಂಡು ಬಂದದ್ದು ನಾಯಿ ತಿರುವು. ಮೂರನೆಯದು ಅಳಿಯನ ತಿರುವು; 'ಇದೇನು ಮಹಾ ಮಾವ' ಎಂದು ಜೊತೆಗೆ ಹೊರಟ ಅವರ ಅಳಿಯ ಅಲ್ಲಿ ಸೈಕಲ್ ಒರಗಿಸಿ, ಬೆಳಗಿನ ತಿಂಡಿಯನ್ನು ಕಕ್ಕಿ, ಹಿಂದಿರುಗಿದ್ದ. ಆರನೆಯದು ಸುಳ್ಳು ತಿರುವು. ಅಲ್ಲಿಗೆ ಬಂದರೆ ಗುಡ್ಡ ಮುಗಿಯಿತೆನ್ನಿಸುತ್ತದೆ, ಮುಗಿದಿರುವುದಿಲ್ಲ.

"ಅಲ್ಲಾ ಅಣ್ಣ, ಹತ್ತೋದು ಯಾಕೆ, ಮತ್ತೆ ಇಳಿಯೋದು ಯಾಕೆ?" ಎಂದು ಕುರ್ಚಿಯಲ್ಲಿ ಕುಳಿತವರು ಕೆಣಕಿದರೆ,

"ನೀವು ಕೂದಲು ಯಾಕೆ ಕತ್ತರಿಸ್ಕೋತೀರಿ? ಮತ್ತೆ ಬೆಳೆಯುತ್ತಲ್ಲ. ತಲೆ ಬಗ್ಗಿಸಿ," ಎನ್ನುತ್ತಿದ್ದರು.

ಸೈಕಲ್ಲಿಗೆ ಒಂದು ತಿರುಪು ಬಿಗಿಯುವುದೂ ಅವರಿಗೆ ಬಾರದು. ಅದೆಲ್ಲ ಮುಂದಿನ ಬೀದಿಯ ಸೈಕಲ್ ರಿಪೇರಿಯವನ ಪಾಲು. ಚಕ್ರ ತಿರುಗಿಸಿ ಬದುಕುವವನೆಂದು ಅವನಿಗೆ ಚಕ್ರವರ್ತಿ ಎಂಬ ಅಡ್ಡಹೆಸರು ಬಿದ್ದಿತ್ತು. ನಾನು ಮೇಷ್ಟ್ರಾಗಿದ್ದಾಗ ಏಳನೆಯ ತರಗತಿಯ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವನು; ಗುಣಾಕಾರ ಬಾರದಿದ್ದರೂ ಗಡಿಯಾರ ಬಿಚ್ಚಿ ಕೂಡಿಸಬಲ್ಲವನು. ಅವನಿಗೂ ಗುಡ್ಡದಣ್ಣನಿಗೂ ಒಂದು ಒಪ್ಪಂದವಿತ್ತು. ಅವನ ತಲೆ ಇವರ ಕೈಗೆ, ಇವರ ಸೈಕಲ್ ಅವನ ಕೈಗೆ. ಏನು ಮಾಡಿದೆ, ಯಾಕೆ ಮಾಡಿದೆ ಎಂದು ಒಬ್ಬರನ್ನೊಬ್ಬರು ಕೇಳುವಂತಿಲ್ಲ. ಕನ್ನಡಿಯಲ್ಲಿ ತಿರುಗಿ ತಿರುಗಿ ನೋಡಿಕೊಳ್ಳುವ ಗಿರಾಕಿಯನ್ನೂ, ರಿಪೇರಿಯಾದ ಸೈಕಲ್ಲನ್ನು ಅಲ್ಲಾಡಿಸಿ ನೋಡುವ ಗಿರಾಕಿಯನ್ನೂ ಕಂಡರೆ ಇಬ್ಬರಿಗೂ ಒಂದೇ ಸಿಟ್ಟು.

ಗುಡ್ಡದಣ್ಣನಿಗೆ ಅರವತ್ತೆರಡು ತುಂಬಿದ ವರ್ಷ ಅವರ ಬೆರಳುಗಳು ಕೈಕೊಟ್ಟವು. ಮೊದಲು ಬಲಗೈಯ ಹೆಬ್ಬೆರಳು, ತೋರುಬೆರಳು. ನಾಲ್ಕು ತಿಂಗಳಾದ ಮೇಲೆ ಎಡಗೈ. ನೋವಿಲ್ಲ, ನಡುಕವೂ ಇಲ್ಲ. ಹಿಡಿದದ್ದು ಹಿಡಿದ ಹಾಗೇ ಸಡಿಲವಾಗಿಬಿಡುತ್ತಿತ್ತು. ಅವರು ಯಾರಿಗೂ ಹೇಳದೆ ದೂರದ ಊರಿನ ವೈದ್ಯರಲ್ಲಿಗೆ ಹೋಗಿಬಂದರು. ಕತ್ತಿನಿಂದ ಬರುವ ನರ ಒತ್ತಿಕೊಂಡಿದೆ, ಬಹಳ ತಡವಾಗಿದೆ, ಇನ್ನು ಮೊದಲಿನಂತಾಗುವುದು ಕಷ್ಟ ಎಂದು ಆ ವೈದ್ಯರು ಹೇಳಿದರಂತೆ.

ಕ್ಷೌರಿಕನ ಕೈ ಸರಿಯಿಲ್ಲವೆಂದು ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಹೇಳಿದರೆ ಸಾಕು, ಮರುದಿನದಿಂದ ಯಾರೂ ಕತ್ತು ಕೊಡುವುದಿಲ್ಲ. ಗುಡ್ಡದಣ್ಣನಿಗೆ ಅದು ಚೆನ್ನಾಗಿ ಗೊತ್ತಿತ್ತು. ಮೊದಲು ಅವರು ಗಡ್ಡ ಕೆರೆಯುವುದನ್ನು ಬಿಟ್ಟರು. ಬಿಟ್ಟ ರೀತಿಯನ್ನು ನೆನೆದರೆ ಈಗಲೂ ನಗು ಬರುತ್ತದೆ.

"ನಿಮ್ಮ ಮುಖಕ್ಕೆ ಗಡ್ಡ ಒಪ್ಪುತ್ತೆ. ಎರಡು ವಾರ ಬಿಟ್ಟು ನೋಡಿ, ಆಮೇಲೆ ನೀವೇ ಹೇಳ್ತೀರಿ," ಎಂದು ಅಂಚೆಯವನಿಗೆ ಹೇಳಿದರು. ಬ್ಯಾಂಕಿನ ಗುಮಾಸ್ತನಿಗೆ ಹೇಳಿದರು. ನನಗೆ, "ಮೇಷ್ಟ್ರೇ, ಬಿಳಿ ಗಡ್ಡಕ್ಕೊಂದು ಗಾಂಭೀರ್ಯ ಉಂಟು," ಎಂದರು. ನಾನೂ ಉಬ್ಬಿ ಗಡ್ಡ ಬಿಟ್ಟೆ. ಆ ವರ್ಷ ನಮ್ಮ ಬೀದಿಯ ಗಂಡಸರೆಲ್ಲ ಋಷಿಗಳಂತೆ ಓಡಾಡಿದರು. ಅದು ಫ್ಯಾಷನ್ನಲ್ಲ, ಒಬ್ಬ ಮನುಷ್ಯನ ಬೆರಳು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ತಲೆಗೂದಲಿಗೆ ಮೆಷಿನ್ ಇತ್ತು. ಅದನ್ನು ಮುಷ್ಟಿಯಲ್ಲಿ ಹಿಡಿಯಬಹುದು. ಕತ್ತರಿಯ ಕೆಲಸ ಕಿವಿಯ ಸುತ್ತ ಸ್ವಲ್ಪ ಮಾತ್ರ. ಅದನ್ನು ನಿಧಾನವಾಗಿ, ಮಾತಾಡುತ್ತಾ ಮಾತಾಡುತ್ತಾ, ಹೇಗೋ ಮುಗಿಸುತ್ತಿದ್ದರು. ಹೀಗಾಗಿ ಅಂಗಡಿ ನಡೆಯಿತು.

ಗುಡ್ಡಕ್ಕೆ ಮೆಷಿನ್ ಇಲ್ಲ. ಹತ್ತುವುದಕ್ಕೆ ಕಾಲು ಬೇಕು, ಕಾಲು ಗಟ್ಟಿಮುಟ್ಟಾಗಿತ್ತು. ಇಳಿಯುವುದಕ್ಕೆ ಬೆರಳು ಬೇಕು. ಅಷ್ಟು ಇಳಿಜಾರಿನಲ್ಲಿ ಎರಡೂ ಬ್ರೇಕುಗಳನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಕಾಲು ಗಂಟೆ ಬರಬೇಕು. ಕಡಿದಾದ ಕಡೆ ಅವರು ಇಳಿದು ತಳ್ಳಿಕೊಂಡು ಬರತೊಡಗಿದರು. ದಾರಿಯಲ್ಲಿ ಯಾರಾದರೂ ಕೇಳಿದರೆ ಪಂಕ್ಚರ್ ಎನ್ನುವರು, ಚೈನು ಎನ್ನುವರು. ಜನ ಕಾಣದ ಕಡೆ ಮತ್ತೆ ಹತ್ತುವರು. ಮೂವತ್ತು ವರ್ಷ ಗಾಳಿಯಂತೆ ಇಳಿದವರಿಗೆ ತಳ್ಳಿಕೊಂಡು ಬರುವುದು ಸಹಿಸಲಾಗದು.

ಒಂದು ದಿನ ಚಕ್ರವರ್ತಿಯ ಮುಂದೆ ಸೈಕಲ್ ನಿಲ್ಲಿಸಿ, "ಬ್ರೇಕ್ ಬಹಳ ಬಿಗಿ ಕಣಯ್ಯಾ, ನೋಡು," ಎಂದರು.

ಚಕ್ರವರ್ತಿ ಕಿರುಬೆರಳಿನಿಂದ ಎಳೆದ. ಚಕ್ರ ಗಕ್ಕನೆ ನಿಂತಿತು. ಅವನು ಇನ್ನೊಮ್ಮೆ ಎಳೆದು ನೋಡಿ, ಅಣ್ಣನ ಮುಖ ನೋಡದೆ, "ಹೌದಣ್ಣ, ಬಿಗಿ ಇದೆ. ಕೇಬಲ್ ಹೋಗಿದೆ," ಎಂದ.

ಹೊಸ ಕೇಬಲ್ ಹಾಕಿದ. ಹದಿನೈದು ದಿನ ಬಿಟ್ಟು ಅವರು ಅದೇ ದೂರು ತಂದರು. ಎಣ್ಣೆ ಬಿಟ್ಟ. ಮತ್ತೆ ಬಂದರು. ಬ್ರೇಕನ್ನೇ ಬದಲಾಯಿಸಿದ. ಮತ್ತೂ ಬಂದರು. ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುವ ಚಕ್ರವೂ ಒಂದುಂಟು, ಆದರೆ ಅವನ ಕೈಗೆ ಸಿಗುತ್ತಿದ್ದುದಕ್ಕೆ ಏರು ಹತ್ತಲು ಬೇಕಾದ ಗೇರು ಇರಲಿಲ್ಲ. ಅಲ್ಲದೆ ಅದನ್ನು ಹಾಕೋಣವೇ ಎಂದು ಬಾಯಿಬಿಟ್ಟರೆ, ಬೆರಳಿನ ಮಾತು ಆಡಿದಂತೆಯೇ ಆಯಿತು.

ಒಂದು ಮಂಗಳವಾರ ಗುಡ್ಡದಣ್ಣ ಭುಜ ತರಚಿಕೊಂಡು ಮನೆಗೆ ಬಂದರು. ನಾಯಿ ಅಡ್ಡ ಬಂತೆಂದರು. ಅವರ ಹೆಂಡತಿ ಗಾಯ ತೊಳೆದಳು. ಗಾಯದಲ್ಲಿ ಕೆಂಪು ಮಣ್ಣಿತ್ತು; ಕೆಂಪು ಮಣ್ಣಿನ ದಿಬ್ಬ ಇರುವುದು ನಾಲ್ಕನೆಯ ತಿರುವಿನಲ್ಲಿ ಮಾತ್ರ. ನಿಲ್ಲಿಸಲಾಗದೆ ದಿಬ್ಬಕ್ಕೆ ಗುದ್ದಿ ನಿಂತಿದ್ದಾರೆಂದು ಅವಳಿಗೆ ತಿಳಿಯಿತು. ಬೆರಳಿನ ವಿಷಯ ಅವಳಿಗೆ ಹೊಸದಲ್ಲ. ಗಂಡ ಅಂಗಿಯ ಗುಂಡಿ ಬಿಚ್ಚದೆ ತಲೆಯ ಮೇಲಿನಿಂದ ಎಳೆದು ತೆಗೆಯಲು ಶುರುಮಾಡಿ ಆಗಲೇ ಐದು ತಿಂಗಳಾಗಿತ್ತು.

ಮರುದಿನ ಒಣಗಿದ ಟವೆಲ್ಲಿನ ಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಅವಳು ಚಕ್ರವರ್ತಿಯ ಅಂಗಡಿಗೆ ಬಂದಳು.

"ತಮ್ಮಾ, ಆ ಸೈಕಲ್ಲಿಗೆ ಏನಾದ್ರೂ ರೋಗ ಬರಿಸು."

"ಬರಿಸಬಹುದು ಅತ್ತಿಗೆ. ಅಣ್ಣ ಬೇರೆ ಸೈಕಲ್ ತರ್ತಾರೆ. ಅದರ ಬ್ರೇಕ್ ಇನ್ನೂ ಗಟ್ಟಿ ಇರುತ್ತೆ."

"ಹಾಗಾದ್ರೆ ಹೇಳಿಬಿಡು. ಸಾಕು ಅಣ್ಣ, ಇನ್ನು ಗುಡ್ಡ ಬೇಡ ಅನ್ನು."

"ಹೆಂಡತಿ ನೀವು. ನೀವು ಹೇಳಿ."

"ನಾನು ಹೇಗೆ ಹೇಳಲಿ? ನನಗೆ ಗೊತ್ತಿಲ್ಲ ಅನ್ನೋ ಧೈರ್ಯದ ಮೇಲೆ ಅವರು ಬೆಳಗಾದ್ರೆ ಎದ್ದು ಅಂಗಡಿ ತೆಗೀತಾರೆ."

ಚಕ್ರವರ್ತಿ ಕೈಯಲ್ಲಿದ್ದ ಟ್ಯೂಬನ್ನು ಸುಮ್ಮನೆ ನೀರಿನಲ್ಲಿ ಮುಳುಗಿಸಿ ಎತ್ತಿ, ಮುಳುಗಿಸಿ ಎತ್ತಿ ಮಾಡಿದ. ಕೊನೆಗೆ, "ಮುಟ್ಟಿದರೆ ಸಾಕು, ನಿಲ್ಲೋ ಹಾಗೆ ಮಾಡ್ತೀನಿ. ಅಷ್ಟೇ ನನ್ನ ಕೈಲಾಗೋದು," ಎಂದ.

ಅವನು ಮೆತ್ತನೆಯ, ಸದ್ದು ಮಾಡದ ಬ್ರೇಕ್ ರಬ್ಬರುಗಳನ್ನು ತರಿಸಿದ. ಚಕ್ರದ ಅಂಚಿಗೂ ರಬ್ಬರಿಗೂ ನಡುವೆ ಒಂದು ಕಾಗದ ತೂರುವಷ್ಟೇ ಜಾಗ ಬಿಟ್ಟು ಕೂರಿಸಿದ. ತಾನೇ ಹತ್ತಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಓಡಿಸಿ ನೋಡಿದ. ಸಲೀಸಾಗಿ ಓಡಿತು, ಬೆರಳು ತಾಗಿಸಿದರೆ ನಿಂತಿತು. ಅವನಿಗೆ ಅದು ತನ್ನ ಜನ್ಮದ ಒಳ್ಳೆಯ ಕೆಲಸವೆನ್ನಿಸಿತಂತೆ. ಆದರೆ ಚಕ್ರವರ್ತಿ ಹುಟ್ಟಿದಾಗಿನಿಂದ ಸೈಕಲ್ಲಿನಲ್ಲಿ ಗುಡ್ಡ ಹತ್ತಿದವನಲ್ಲ. ಚಪ್ಪಟೆ ಬೀದಿಯಲ್ಲಿ ತಿರುಗುವ ಚಕ್ರವೇ ಬೇರೆ. ಏರಿನಲ್ಲಿ ಇಡೀ ಮೈಭಾರ ಹಾಕಿ ತುಳಿದಾಗ ಚಕ್ರ ಕೂದಲೆಳೆಯಷ್ಟು ಅತ್ತಿತ್ತ ಹೊರಳುತ್ತದೆ. ಹಾಗೆ ಹೊರಳಿದಾಗಲೆಲ್ಲ ಆ ರಬ್ಬರು ಸದ್ದಿಲ್ಲದೆ ಅದನ್ನು ಹಿಡಿಯುತ್ತಿತ್ತು.

ಆ ಮಂಗಳವಾರ ಗುಡ್ಡದಣ್ಣ ಹತ್ತುವಾಗಲೇ ಐದನೆಯ ತಿರುವಿನಲ್ಲಿ ಇಳಿದುಬಿಟ್ಟರು. ಮೂವತ್ತು ವರ್ಷಗಳಲ್ಲಿ ಮೊದಲ ಸಲ. ಮುಂದಿನ ವಾರ ನಾಲ್ಕನೆಯದರಲ್ಲಿ. ಅದರ ಮುಂದಿನ ವಾರ, ಅಳಿಯನ ತಿರುವಿನಲ್ಲಿ. ತಮ್ಮ ಕಾಲಲ್ಲದೆ ಸೈಕಲ್ಲನ್ನು ಅನುಮಾನಿಸುವುದು ಅವರಿಗೆ ಹೊಳೆಯಲೇ ಇಲ್ಲ. ಚಕ್ರವರ್ತಿ ಮುಟ್ಟಿದ ಸೈಕಲ್ ಅದು.

ಕೊಕ್ಕೆಯಲ್ಲಿ ಸೈಕಲ್ ತೂಗುತ್ತಲೇ ಉಳಿಯಿತು. ಒಂದು ಮಂಗಳವಾರ ಹೋಯಿತು, ಎರಡು ಹೋಯಿತು. ಚಕ್ರವರ್ತಿ ತಲೆ ಕೊಡಲು ಬಂದಾಗ ಅವರಾಗಿಯೇ ಹೇಳಿದರು.

"ಗುಡ್ಡ ಸಾಕು ಮಾಡಿದೆ ಕಣಯ್ಯಾ. ಕಾಲು ಹೋಯ್ತು. ಏರು ಬಂದ ಕೂಡಲೇ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಆಗುತ್ತೆ."

ಕನ್ನಡಿಯಲ್ಲಿ ಚಕ್ರವರ್ತಿಯ ಮುಖ ಬಿಳುಚಿತು. ಹಿಂದಿನಿಂದ ಹಿಡಿದುಕೊಂಡವನು ತಾನೇ ಎಂದು ಅವನಿಗೆ ಆ ಕ್ಷಣ ಗೊತ್ತಾಯಿತು. ಕತ್ತಿನ ಸುತ್ತ ಬಟ್ಟೆ ಕಟ್ಟಿಸಿಕೊಂಡು ಕುಳಿತಲ್ಲೇ ಲೆಕ್ಕ ಹಾಕಿದ. ಹೇಳಿದರೆ ಅಣ್ಣ ನಾಳೆಯೇ ರಬ್ಬರು ಸಡಿಲಿಸಿಕೊಂಡು ಆ ಇಳಿಜಾರಿಗೆ ಹೋಗುತ್ತಾರೆ. ಹೇಳದಿದ್ದರೆ ಪ್ರಾಣ ಉಳಿಯುತ್ತದೆ. "ವಯಸ್ಸಾಯ್ತಲ್ಲ ಅಣ್ಣ," ಎಂದುಬಿಟ್ಟ. ಆ ಮಾತಿಗೆ ತನ್ನ ನಾಲಗೆ ಸುಟ್ಟುಹೋಗಬಾರದಿತ್ತೇ ಎಂದು ಆಮೇಲೆ ನನ್ನೆದುರು ಅತ್ತ.

ಮೊದಮೊದಲು ಹೆಂಡತಿಗೆ ಸಮಾಧಾನವಾಯಿತು. ಮಂಗಳವಾರ ಗಂಡ ಮನೆಯಲ್ಲೇ ಇರುತ್ತಾನೆ, ಬಾಗಿಲ ಸದ್ದಿಗೆ ಎದೆ ಹಾರಬೇಕಿಲ್ಲ. ಆದರೆ ಕಾಲು ಹೋಯಿತೆಂದು ಒಮ್ಮೆ ನಂಬಿದ ಮನುಷ್ಯ ಕಾಲು ಹೋದವನಂತೆಯೇ ನಡೆಯತೊಡಗಿದ. ಮೆಟ್ಟಿಲಿಗೆ ಕಂಬಿ ಹಿಡಿದರು. ಒಬ್ಬರ ತಲೆ ಮುಗಿಸಿ ಇನ್ನೊಬ್ಬರದನ್ನು ಹಿಡಿಯುವ ಮುನ್ನ ಬೆಂಚಿನ ಮೇಲೆ ಕುಳಿತರು. ಮಾತು ಕಡಿಮೆಯಾಯಿತು; ಮಾತು ಕಡಿಮೆಯಾದದ್ದರಿಂದ ಕತ್ತರಿ ತಡವರಿಸುವುದು ಎಲ್ಲರಿಗೂ ಕೇಳತೊಡಗಿತು. ಅಂಗಡಿಯಿಂದ ಮನೆಗೆ ಇನ್ನೂರು ಹೆಜ್ಜೆ. ಅಷ್ಟಕ್ಕೇ ದಾರಿಯಲ್ಲಿ ಎರಡು ಕಡೆ ನಿಲ್ಲುತ್ತಿದ್ದರು. ಎರಡೇ ತಿಂಗಳಲ್ಲಿ ಅವರು ಹತ್ತು ವರ್ಷ ಮುದುಕರಾದುದನ್ನು ನಾವೆಲ್ಲ ನೋಡಿದೆವು. ಕಾರಣ ಗೊತ್ತಿದ್ದವರು ಇಬ್ಬರೇ: ಚಕ್ರವರ್ತಿ, ಅವನ ಬಾಯಿಂದ ಕೇಳಿದ್ದ ಅಣ್ಣನ ಹೆಂಡತಿ.

ಹೆಂಡತಿ ಮತ್ತೆ ಚಕ್ರವರ್ತಿಯ ಅಂಗಡಿಗೆ ಬಂದಳು. ಈ ಸಲ ಕಂಕುಳಲ್ಲಿ ಗಂಟೂ ಇರಲಿಲ್ಲ.

"ಸಡಿಲ ಮಾಡು ತಮ್ಮಾ."

"ಅತ್ತಿಗೆ, ಹತ್ತಿಬಿಡ್ತಾರೆ. ಆಮೇಲೆ?"

"ತಳ್ಕೊಂಡು ಬರ್ತಾರೆ."

"ತಳ್ಕೊಂಡು ಬರದಿದ್ರೆ?"

"ಹೀಗೆ ಮನೇಲಿ ಕೂತು ಸಾಯೋದನ್ನ ನಾನು ನೋಡಲಾರೆ. ನೀನು ನೋಡ್ತೀಯಾ?" ಎಂದಳು.

ಚಕ್ರವರ್ತಿ ಸೈಕಲ್ ತೊಳೆದುಕೊಡುವ ನೆಪ ಹೇಳಿ ಇಳಿಸಿಕೊಂಡು ಹೋದ. ರಬ್ಬರು ಮೊದಲಿದ್ದಲ್ಲಿಗೇ ಸರಿಸಿದ. ವಾಪಸು ತಂದು, "ಒಂದು ಒಳ್ಳೆ ಎಣ್ಣೆ ಬಂದಿದೆ ಅಣ್ಣ, ಹಾಕಿದ್ದೀನಿ. ಸುಮ್ಮನೆ ಒಂದು ಸಲ ಹೋಗಿಬನ್ನಿ. ಮೊದಲ ತಿರುವಿನವರೆಗಾದ್ರೂ," ಎಂದ. ಅವರಿಗೆ ಮನಸ್ಸಿರಲಿಲ್ಲ. ಆದರೂ ಮಂಗಳವಾರ ಬೆಳಗ್ಗೆ, ಯಾರಿಗೋ ಮಾಡಿಕೊಡುವ ಉಪಕಾರದಂತೆ, ಹೊರಟರು.

ಅವರು ಹೊರಟು ಅರ್ಧ ಗಂಟೆಯಾಗುವಷ್ಟರಲ್ಲಿ ಹೆಂಡತಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಚಕ್ರವರ್ತಿಯ ಮೊಪೆಡ್ಡಿನ ಹಿಂದೆ ಕುಳಿತು ಗುಡ್ಡದ ಬುಡಕ್ಕೆ ಹೋದಳು. ಇವರಿಬ್ಬರೂ ತಲುಪುವ ಹೊತ್ತಿಗೆ ಗುಡ್ಡದಣ್ಣ ಮೇಲೆ ಎಲ್ಲೋ ಇದ್ದರು. ಕೆಳಗಿನಿಂದ ಕಾಣುವುದು ಎರಡು ತಿರುವು ಮಾತ್ರ. ಉಳಿದದ್ದೆಲ್ಲ ಗುಡ್ಡದ ಬೆನ್ನಿಗೆ.

"ಅರ್ಧ ದಾರೀಲಿ ಸಾಕಾಗಿ ಹಿಂದೆ ಬರ್ತಾರೇನೋ," ಎಂದ ಚಕ್ರವರ್ತಿ.

"ಬರಲ್ಲ."

"ನಾನು ಮೇಲೆ ಹೋಗಿ ನೋಡಲಾ?"

"ನಿನ್ನ ಮುಖ ಕಂಡರೆ ಅವರು ನಿಲ್ಲಿಸದೆ ಬರ್ತಾರೆ, ತೋರಿಸೋಕೆ. ಬೇಡ."

ಮೈಲಿಗಲ್ಲಿನ ಮೇಲೆ ಅವಳು ಕುಳಿತಳು. ಇವನು ನಿಂತ. ಒಂದು ಲಾರಿ ಇಳಿದು ಬಂತು. ಚಾಲಕನನ್ನು ತಡೆದು ಕೇಳಿದರೆ, ಹೌದು, ಒಬ್ಬ ಮುದುಕ ಟ್ಯಾಂಕಿನ ಹತ್ತಿರ ನಿಂತಿದ್ದಾನೆ ಎಂದ. ಆಮೇಲೆ ಒಂದು ಗಂಟೆ ಏನೂ ಬರಲಿಲ್ಲ. ಗಾಳಿಗೆ ಎಲ್ಲೋ ತಗಡು ಬಡಿದರೂ ಇಬ್ಬರೂ ಎದ್ದು ನಿಲ್ಲುತ್ತಿದ್ದರು. ಇಷ್ಟು ವರ್ಷ ಸೈಕಲ್ ರಿಪೇರಿ ಮಾಡಿದವನಿಗೆ, ತಾನೇ ಬಿಗಿದು ತಾನೇ ಬಿಚ್ಚಿದ ಎರಡು ತಿರುಪುಗಳ ಹೊರತು ಬೇರೇನೂ ನೆನಪಾಗಲಿಲ್ಲ.

ಮೊದಲು ಕಂಡದ್ದು ಬಿಳಿಯ ಅಂಗಿ, ಎರಡನೆಯ ತಿರುವಿನಲ್ಲಿ. ನಡೆಯುವವರ ವೇಗ ಅದಕ್ಕೆ. ಗುಡ್ಡದಣ್ಣ ಸೈಕಲ್ಲನ್ನು ಪಕ್ಕದಲ್ಲಿ ನಡೆಸಿಕೊಂಡು, ನೆಟ್ಟಗೆ, ಕುಂಟದೆ ಇಳಿದು ಬಂದರು. ಇಬ್ಬರನ್ನೂ ನೋಡಿದರು. ಆಶ್ಚರ್ಯವೇನೂ ಪಡಲಿಲ್ಲ.

"ಮೇಲಿನವರೆಗೂ ಹೋದೆ," ಎಂದರು. "ಸುಳ್ಳು ತಿರುವಿನಲ್ಲಿ ಇನ್ನೂ ಉಸಿರು ಮಿಕ್ಕಿತ್ತು. ಹೋದ ಕಾಲು ವಾಪಸು ಬರಲ್ಲ ಅಂತ ನನಗೆ ಗೊತ್ತು. ಟ್ಯಾಂಕಿನ ಹತ್ರ ನಿಂತು ಯೋಚನೆ ಮಾಡಿದೆ."

ಚಕ್ರವರ್ತಿ, "ಅಣ್ಣಾ, ಅದು..." ಎಂದ.

"ಬೆರಳು ಹೋಗಿದೆ ಅಂತ ಹೇಳಬಹುದಿತ್ತು ನೀವು. ನನಗೆ ಗೊತ್ತಿದ್ದದ್ದೇ ತಾನೇ. ಕಾಲು ಯಾಕೆ ಕಿತ್ಕೊಂಡ್ರಿ?"

ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಎಂದು ಅವರ ಹೆಂಡತಿ ಈಗಲೂ ಹೇಳುತ್ತಾಳೆ. ಬೈಗುಳಕ್ಕಾದರೆ ತಿರುಗಿ ಬೈಯಬಹುದಿತ್ತು. "ರೀ, ಬಿದ್ದು ಸತ್ತೀರಿ ಅಂತ..." ಎಂದಷ್ಟೇ ಹೇಳಲು ಅವಳಿಗೆ ಸಾಧ್ಯವಾಯಿತು.

"ಹೂಂ," ಎಂದರು. ಮುಂದೆ ಚಪ್ಪಟೆ ರಸ್ತೆ. ಸೈಕಲ್ ಹತ್ತಿ ಹೊರಟುಬಿಟ್ಟರು. ಇವರಿಬ್ಬರೂ ಮೊಪೆಡ್ಡಿನಲ್ಲಿ, ಕರೆಯಲೂ ಆಗದೆ, ದಾಟಿಹೋಗಲೂ ಆಗದೆ, ಕೂಗಳತೆಯ ಹಿಂದೆ ಹಿಂದೆ ಬಂದರು.

ಆ ರಸ್ತೆ ಸೇತುವೆಯ ಹತ್ತಿರ ಒಂದಿಷ್ಟು ಇಳಿಯುತ್ತದೆ. ಮಗು ಕೂಡ ಕಾಲು ಆನಿಸಿ ಇಳಿಯುವಂಥ ಇಳಿಜಾರು. ಅದರ ಬುಡದಲ್ಲೇ ಬಸ್ಸು ನಿಲ್ಲುವ ಜಾಗ. ತಂಗಿಯ ಮನೆಯಿಂದ ಹಿಂದಿರುಗುತ್ತಿದ್ದ ನಾನು ಅಲ್ಲಿದ್ದೆ. ಅಂಚೆಯವನಿದ್ದ, ಬ್ಯಾಂಕಿನ ಗುಮಾಸ್ತನಿದ್ದ, ಇನ್ನೂ ಮೂವರಿದ್ದರು. ಎಲ್ಲರೂ ಅವರ ಗಿರಾಕಿಗಳೇ.

ಗುಡ್ಡದಣ್ಣ ಇಳಿಜಾರಿನ ತಲೆಯಲ್ಲಿ ಸೈಕಲ್ಲಿನಿಂದ ಇಳಿದರು. ನಮ್ಮನ್ನು ನೋಡಿಯೂ ಇಳಿದರು. ನಿಧಾನವಾಗಿ ತಳ್ಳಿಕೊಂಡು ನಮ್ಮ ಮುಂದೆ ಬಂದರು.

"ಏನಣ್ಣ, ಪಂಕ್ಚರಾ?" ಎಂದ ಅಂಚೆಯವನು.

"ಇಲ್ಲ. ಬ್ರೇಕ್ ಹಿಡಿಯೋಕೆ ಬೆರಳಲ್ಲಿ ಬಲ ಇಲ್ಲ. ಕತ್ತರಿ ಹಿಡಿಯೋಕೂ ಇಲ್ಲ. ವರ್ಷದ ಮೇಲಾಯ್ತು."

ಅಂಚೆಯವನ ಕೈ ಅವನಿಗೇ ತಿಳಿಯದಂತೆ ಕತ್ತಿನ ಹಿಂದಕ್ಕೆ ಹೋಯಿತು. ನಾಲ್ಕು ದಿನದ ಹಿಂದಷ್ಟೇ ಕತ್ತರಿಸಿಕೊಂಡಿದ್ದ. ಗುಮಾಸ್ತ ಕಿವಿ ಮುಟ್ಟಿಕೊಂಡ. ಗುಡ್ಡದಣ್ಣ ಅದನ್ನು ನೋಡಿದರು.

"ಗಾಬರಿ ಬೇಡ, ಇರೋ ಕಿವಿ ಎರಡೂ ಇದಾವೆ," ಎಂದರು. "ಮುಂದಿನ ತಿಂಗಳಿಗೆ ಬೇರೆ ಕಡೆ ನೋಡ್ಕೊಳ್ಳಿ. ಮೇಷ್ಟ್ರೇ, ನೀವೂ."

ಏನಾದರೂ ಹೇಳಬೇಕಿತ್ತು. ನಾಳೆಯೂ ನಿಮ್ಮಲ್ಲಿಗೇ ಬರುತ್ತೇನೆ ಎಂದರೆ ಸುಳ್ಳಾಗುತ್ತಿತ್ತು. ಬರುವುದಿಲ್ಲ ಎನ್ನಲು ನಾಲಗೆ ಏಳಲಿಲ್ಲ. "ಬಿಸಿಲಿದೆ, ನೀರು ಕುಡೀತೀರಾ?" ಎಂದೆ. ಬೇಡವೆಂದು ತಲೆಯಾಡಿಸಿ ಮುಂದೆ ನಡೆದರು. ಇಳಿಜಾರಿನ ಮೇಲೆ ಮೊಪೆಡ್ ನಿಂತಿತ್ತು. ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಬಸ್ಸು ಬಂತು, ಹತ್ತಿದೆವು. ಸೇತುವೆ ದಾಟಿದ ಮೇಲೆ ರಸ್ತೆ ಮತ್ತೆ ಚಪ್ಪಟೆ. ಅಲ್ಲಿ ಅವರು ಸೈಕಲ್ ಹತ್ತಿ, ರಸ್ತೆಯ ನಟ್ಟನಡುವೆ, ಬೆನ್ನು ಬಾಗಿಸಿ ತುಳಿಯುತ್ತಿದ್ದರು. ಅರವತ್ತು ದಾಟಿದವರ ಕಾಲು ಅನ್ನುವಂತಿರಲಿಲ್ಲ. ಬಸ್ಸಿನವನು ಒಮ್ಮೆ ಹಾರ್ನ್ ಮಾಡಿದ. ಅವರು ಪಕ್ಕಕ್ಕೆ ಸರಿಯಲಿಲ್ಲ. ಅವನೂ ಅವರ ಕುರ್ಚಿಯಲ್ಲಿ ಕುಳಿತು ದೊಡ್ಡವನಾದವನೇ. ಎರಡನೆಯ ಸಲ ಹಾರ್ನ್ ಮೇಲೆ ಕೈಯಿಟ್ಟವನು ತೆಗೆದುಬಿಟ್ಟ. ಅವರ ಹಿಂದೆ, ಅವರ ವೇಗದಲ್ಲೇ, ಊರಿನವರೆಗೂ ಬಸ್ಸು ನಡೆಸಿಕೊಂಡು ಬಂದ. ತಡವಾಯಿತೆಂದು ಒಳಗೆ ಯಾರೂ ಅನ್ನಲಿಲ್ಲ.